ನಮ್ಮಣ್ಣ ಡ್ಯೂ ಟು ಸಾರ್

ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ನಮ್ಮಣ್ಣನನ್ನು ಎಲ್ಲರೂ ಬೆನ್ನ ಹಿಂದೆ ‘ಡ್ಯೂ ಟು ಸಾರ್’ ಎನ್ನುತ್ತಾರೆ. ಎದುರಿಗೆ ಬರೀ ಸಾರ್. ಯಾವ ಯಂತ್ರ ಕೆಟ್ಟರೂ, ಯಾರು ಬಿದ್ದರೂ ಮೇಲಿನವರಿಗೆ ಇಂಗ್ಲಿಷಿನಲ್ಲಿ ವರದಿ ಬರೆಯುವುದು ಅವನ ಕೆಲಸ. ಇಂಥದ್ದು ‘ಡ್ಯೂ ಟು’ ಇಂಥದ್ದು, ‘ಹೆನ್ಸ್’ ಹೀಗಾಯಿತು, ‘ಆಸ್ ಎ ರಿಸಲ್ಟ್’ ಹಾಗಾಯಿತು. ಮಹಾಶಯನ ವಿದ್ಯೆ ಇಷ್ಟೇ. ಇಷ್ಟರಲ್ಲೇ ಮನೆ ಕಟ್ಟಿಸಿದ, ಮದುವೆಯಾದ, ಹೊಟ್ಟೆಯನ್ನೂ ಬೆಳೆಸಿದ. ಮನೆಯಲ್ಲಿ ಹಾಲು ಉಕ್ಕಿದರೂ ಅತ್ತಿಗೆಗೆ ‘ಹೆನ್ಸ್’ ಎಂದು ಪಾಠ ಶುರು ಮಾಡುತ್ತಾನೆ. ಒಲೆ ಮಾತ್ರ ಆರಿಸುವುದಿಲ್ಲ.

ಅವನು ಬರೆಯುವ ಪರಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನೂ ಅಲ್ಲೇ ಗೋಂದು ಹಚ್ಚುವವಳು, ಆಫೀಸಿನ ಕಿಟಕಿ ನನ್ನ ಮೇಜಿನ ಪಕ್ಕಕ್ಕೇ ಇದೆ. ಏನಾದರೂ ಅನಾಹುತವಾದರೆ ಅವನು ಹೋಗಿ ನೋಡುವುದು ಅನಾಹುತವನ್ನಲ್ಲ, ಮ್ಯಾನೇಜರ ಮುಖವನ್ನು. “ಸಾರ್, ಕೊನೆಗೆ ಏನಾಗ್ಬೇಕು ಹೇಳಿ, ಕಾರಣ ನಾನು ಹುಡುಕ್ತೀನಿ” ಎನ್ನುತ್ತಾನೆ. ಗೋದಾಮಿನ ಸೂರು ಸೋರಿ ರಟ್ಟೆಲ್ಲ ನೆನೆದಾಗ ಹೀಗೇ ಆಯಿತು. ಸೂರು ರಿಪೇರಿ ಮಾಡಿಸದೆ ಬಿಟ್ಟವರು ಮ್ಯಾನೇಜರು, ವರದಿಯಲ್ಲಿ ತಪ್ಪಿತಸ್ಥ ಕಾವಲುಗಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ಅದೇ ನಮ್ಮಣ್ಣನ ವರದಿ. ಪಾಪ, ಆ ಕಾವಲುಗಾರನಿಗೆ ತನ್ನನ್ನು ಯಾಕೆ ತೆಗೆದರೆಂದು ಓದಿಕೊಳ್ಳಲೂ ಬರುತ್ತಿರಲಿಲ್ಲ.

ಆಮೇಲೆ ಸರದಿ ನಮ್ಮ ಮನೆಗೇ ಬಂತು. ನನ್ನ ಗಂಡ ರಟ್ಟು ಕತ್ತರಿಸುವ ಯಂತ್ರದಲ್ಲಿದ್ದರು. ಅಲಗಿನ ಮುಂದೆ ಕೈಗೆ ಕಾಪಾಗಿ ಒಂದು ಜಾಲರಿ ಇರಬೇಕು. ಅದಿದ್ದರೆ ಕೆಲಸ ನಿಧಾನವೆಂದು ಮ್ಯಾನೇಜರೇ ಬಿಚ್ಚಿಸಿದ್ದರು. ಒಂದು ಮಧ್ಯಾಹ್ನ ಇವರ ಬಲಗೈ ಬೆರಳುಗಳು ಹೋದವು. ತಪ್ಪು ಯಂತ್ರದ್ದು ಎಂದಾದರೆ ಕಂಪನಿ ಒಳಗೇ ಹಗುರದ ಕೆಲಸ ಕೊಡಬೇಕು. ಇವರದ್ದು ಎಂದಾದರೆ ಗೇಟಿನಾಚೆ. ಬೆರಳಿಲ್ಲದ ಕೈಗೆ ಹೊರಗೆ ಯಾರು ಕೆಲಸ ಕೊಡುತ್ತಾರೆ?

ಆಸ್ಪತ್ರೆಯಿಂದ ನೇರ ಅಣ್ಣನ ಮನೆಗೆ ಹೋದೆ.

“ಅಣ್ಣ, ಜಾಲರಿ ಇರ್ಲಿಲ್ಲ ಅಂತ ಬರಿ. ಅಷ್ಟೇ ಸಾಕು.”

“ಅಷ್ಟು ಸುಲಭ ಅಲ್ಲಮ್ಮ. ಅಮ್ಮ ನನ್ನ ಮನೇಲಿದ್ದಾಳೆ. ನನ್ನ ಕೆಲಸಕ್ಕೆ ಕುತ್ತು ಬಂದ್ರೆ ಅವಳ ಗತಿ ಏನು?” ಎಂದ. ಆಮೇಲೆ ದನಿ ತಗ್ಗಿಸಿ, “ಯಾರ ಹೆಸರೂ ಬರದ ಹಾಗೆ ಬರೀತೀನಿ ಬಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ” ಎಂದ.

ಹಾವಿನ ಚಿಂತೆ ಅವನಿಗೆ, ಕಚ್ಚಿಸಿಕೊಂಡವರು ನಾವು. ಒಳಕೋಣೆಯಲ್ಲಿ ಅಮ್ಮ ಕೆಮ್ಮಿದಳು. ನಾನು ನೀರನ್ನೂ ಮುಟ್ಟದೆ ಎದ್ದು ಬಂದೆ, ಅವನಂದದ್ದನ್ನೆಲ್ಲ ಇವರಿಗೆ ಹೇಳಿದೆ.

ವಿಚಾರಣೆಗೆ ಹೊರಗಿನ ಅಧಿಕಾರಿಯೊಬ್ಬರು ಬಂದರು. ಊಟದ ಕೋಣೆಯಲ್ಲಿ ನಮ್ಮನ್ನೆಲ್ಲ ಕೂರಿಸಿದರು. ಅಣ್ಣ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ವರದಿ ಓದಿದ. ಕಿಟಕಿಯ ಪಕ್ಕ ಕೂತು ಕೇಳಿ ಕೇಳಿ ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಕೈಯಂತೆ, ಅಲಗಂತೆ, ಎರಡೂ ತಾವಾಗಿಯೇ ಸೇರಿದವಂತೆ, ಅದರ ಪರಿಣಾಮವಾಗಿ ಗಾಯವಂತೆ. ಯಾರೂ ಏನೂ ಮಾಡಿಯೇ ಇಲ್ಲ. ಅಧಿಕಾರಿ ಕೈ ಎತ್ತಿ ತಡೆದರು.

“ಇಂಗ್ಲಿಷ್ ಸಾಕು. ಇವರಿಗೆಲ್ಲ ಅರ್ಥ ಆಗೋ ಹಾಗೆ ನಮ್ಮ ಮಾತಲ್ಲಿ ಹೇಳಿ. ಬೆರಳು ಯಾಕೆ ಹೋಯ್ತು?”

ಸಿಕ್ಕಿಬಿದ್ದ ಎಂದುಕೊಂಡೆ. ಅಮ್ಮನ ಬಾಯಿಂದ ಕಲಿತ ಮಾತಿನಲ್ಲಿ, ತಂಗಿಯ ಮುಖ ನೋಡಿಕೊಂಡು ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ ಎಂದು ನಂಬಿದ್ದೆ. ನನ್ನ ಪೆದ್ದುತನ. ಅಣ್ಣ ಮ್ಯಾನೇಜರ ಕಡೆ ಒಮ್ಮೆ ನೋಡಿದ.

“ರಟ್ಟು ಕತ್ತರಿಸೋವಾಗ ಅವರೇ ಗಮನ ಕೊಡ್ಲಿಲ್ಲ ಸಾರ್.”

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಥೂ, ಇವನ ಜನ್ಮಕ್ಕಿಷ್ಟು. ಇಷ್ಟು ವರ್ಷ ನಾನು ಇಂಗ್ಲಿಷನ್ನು ಬೈದದ್ದೇ ದಂಡ.

ಅಧಿಕಾರಿ ನನ್ನ ಗಂಡನ ಕಡೆ ತಿರುಗಿ, “ಹೌದೇನಪ್ಪ?” ಎಂದರು.

ಇವರು ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು. “ಭಾವ ಹೇಳಿದ್ಮೇಲೆ ಹೌದು ಸಾರ್.”

ನಾನು ಎದ್ದು ಜಾಲರಿಯ ವಿಷಯ ಕೂಗಿ ಹೇಳಿದೆ. ಗಾಯಗೊಂಡವರೇ ಒಪ್ಪಿದ ಮೇಲೆ ಇನ್ನೇನು ಎಂದು ಅಧಿಕಾರಿ ಫೈಲು ಮುಚ್ಚಿದರು. ಸಂಜೆಗೆ ಇವರ ಹೆಸರು ಹಾಜರಿಯಿಂದ ಹೋಯಿತು.

ದಾರಿಯುದ್ದಕ್ಕೂ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೀದಿಯ ತಿರುವಿನಲ್ಲಿ ಇವರು ನಿಂತರು.

“ನನ್ನ ಕೈಯಂತೂ ಹೋಯ್ತು. ಅವನ ಕೆಲಸಾನೂ ಹೋದ್ರೆ ಅತ್ತೆನ ಯಾರು ನೋಡ್ಕೋತಾರೆ ಹೇಳು.”

ಅಣ್ಣ ಅಮ್ಮನನ್ನು ಗುರಾಣಿ ಮಾಡಿಕೊಂಡಿದ್ದ. ಈ ಮನುಷ್ಯ ಅದನ್ನು ನಿಜವೆಂದೇ ನಂಬಿ ಅನ್ನವನ್ನೇ ಬಿಟ್ಟುಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಹೋಗಿ ಅಮ್ಮನ ಸೀರೆಗಳನ್ನು ಚೀಲಕ್ಕೆ ತುಂಬಿದೆ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅಣ್ಣ ಬಾಗಿಲಿಗೆ ಅಡ್ಡ ನಿಂತ.

“ಹೀಗೆ ಏಕಾಏಕಿ ಕರ್ಕೊಂಡು ಹೋದ್ರೆ ಜನ ಏನಂತಾರೆ? ಕೇಳಿದವ್ರಿಗೆ ನಾನು ಏನು ಕಾರಣ ಹೇಳ್ಲಿ?”

ನಾನು ಚೀಲ ಎತ್ತಿಕೊಂಡೆ. ಅಮ್ಮ ಗೋಡೆ ಹಿಡಿದು ಚಪ್ಪಲಿ ಮೆಟ್ಟಿಕೊಂಡಳು, ಮಗನನ್ನು ಸರಿಸಿಕೊಂಡು ಹೊರಗೆ ಬಂದಳು, ನನ್ನ ತೋಳು ಹಿಡಿದುಕೊಂಡಳು.

“ಅಳಿಯಂದ್ರಿಗೆ ನೋವು ಸ್ವಲ್ಪ ಕಡಿಮೆ ಆಯ್ತೇನೇ?” ಎಂದಳು.

ನಮ್ಮಣ್ಣ ಆ ಪ್ರಶ್ನೆಯನ್ನು ಇವತ್ತಿನವರೆಗೂ ಕೇಳಿಲ್ಲ.