ಗುಮ್ಮಟದ ಕೆಳಗಿನ ಇಂಗ್ಲಿಷ್

ಬೀದರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಮೊದಲ ಬೆಂಚು ಯಾವಾಗಲೂ ಕೌಸಲ್ಯಾಬಾಯಿಯದೇ. ವಯಸ್ಸು ಅರವತ್ತೊಂದು, ಪಕ್ಕದ ಅಷ್ಟೂರು ಹಳ್ಳಿಯ ಸುಲ್ತಾನರ ಗೋರಿಗಳಲ್ಲಿ ಕಸ ಗುಡಿಸುವ ಕೆಲಸ. ಮೂರು ಬಣ್ಣದ ಪೆನ್ನು ತರುತ್ತಾಳೆ, ಪಕ್ಕದಲ್ಲಿ ಕೂಡುವ ಕಾಲೇಜು ಹುಡುಗಿ ಗಾರ್ಗಿಗೆ ಹುರಿದ ಶೇಂಗಾ ಕೊಡುತ್ತಾಳೆ, ಎದ್ದು ಮಾತಾಡುವ ಸರದಿ ಬಂದರೆ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ. "ಇವತ್ತ ಗಂಟಲ ಕಟ್ಟೇದರಿ ಮೇಡಂ." "ಎಂಟ ವಾರದಿಂದ ಅದೇ ಗಂಟಲೇನ್ರಿ ಆಯಿ?" ಎಂದು ಕಲಿಸುವ ಮಂಜಿರಿ ಕೇಳುತ್ತಾಳೆ. ಆದರೆ ತಾನು ಗುಡಿಸುವ ಗೋರಿ ಯಾರದೆಂದು ಪ್ರವಾಸಿಗರಿಗೆ ತಾನೇ ಹೇಳಬೇಕೆಂಬುದು ಆಕೆಯ ಹಟ. ಅದಕ್ಕೇ ದಿನಾ ಬೆಳಿಗ್ಗೆ ಪೊರಕೆ ಬದಿಗಿಟ್ಟು, ಗುಮ್ಮಟದ ಕೆಳಗೆ ನಿಂತು ಒಂದೊಂದೇ ಇಂಗ್ಲಿಷ್ ವಾಕ್ಯ ಹೇಳುತ್ತಾಳೆ. ಗುಮ್ಮಟ ಅದನ್ನೇ ತಿರುಗಿ ಹೇಳುತ್ತದೆ. "ಒಳಗ ಮಲಗಿದ ಸುಲ್ತಾನ ತಪ್ಪ ಹಿಡಿಯಂಗಿಲ್ಲವ್ವ," ಎಂದು ಗಾರ್ಗಿಗೊಬ್ಬಳಿಗೇ ಹೇಳಿದ್ದಾಳೆ. ಕಳೆದ ಶನಿವಾರ ಅಂತೂ ಎದ್ದು ನಿಂತಳು. "ಮೈ ನೇಮ್ ಈಸ್ ಕೌಸಲ್ಯಾಬಾಯಿ," ಎಂದವಳು ರೂಢಿಯಂತೆ ದನಿ ತಿರುಗಿ ಬರಲೆಂದು ಕಾದಳು. ಕೋಣೆ ಸುಮ್ಮನಿತ್ತು. ಸೆರಗು ಬಾಯಿಯತ್ತ ಹೊರಟಿತು. ಅಷ್ಟರಲ್ಲಿ ಗಾರ್ಗಿ ಅದೇ ವಾಕ್ಯವನ್ನು ಅದೇ ಎಳೆತದಲ್ಲಿ ತಿರುಗಿ ಹೇಳಿದಳು. ಕೌಸಲ್ಯಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡನೆಯ ವಾಕ್ಯ ಶುರು ಮಾಡಿದಳು.