ಕಡಲ ದಂಡೆಯ ಹುಬ್ಬಳ್ಳಿ ಮನೆ

ಅಪ್ಪನ ಪಿಂಜುವ ಬಿಲ್ಲಿನ ಸದ್ದು ನಡುವೆಯೇ ನಿಂತಿತು. ನಾನು ಪಾಠ ಹೇಳಲು ಶಾಲೆಗೆ ಹೊರಟಿದ್ದೆ. ಕಮರಿಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಹತ್ತಿ ಪಿಂಜಲು ಕೂತರೆ ಊಟದ ಹೊತ್ತಿನವರೆಗೆ ಏಳುವವನಲ್ಲ. ಹೋಗಿ ನೋಡಿದೆ. ಎಡಪಕ್ಕೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ.

"ಉಸುರು ಎಳಕೊಂಡ್ರ ಚಾಕು ಹಾಕಿಧಂಗ ಆಗತೈತಿ, ಫಾತಿಮಾ."

ಮೈ ಸುಡುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. ಬಹಳ ದಿನವಾಯಿತು ಎಂದ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನನಗೆ ಗಾಬರಿಯಾಗಬಾರದೆಂದು ನೋವನ್ನು ನುಂಗಿಕೊಂಡೇ ಗಾದಿಗೆ ಹತ್ತಿ ತುಂಬುತ್ತಿದ್ದನಂತೆ.

ದವಾಖಾನೆಯಲ್ಲಿ ಎಕ್ಸರೇ ತೆಗೆದರು. ಪ್ಲೂರಿಸಿ ಎಂದರು. ಫುಪ್ಪುಸದ ಸುತ್ತ ನೀರು ತುಂಬಿತ್ತು. ಬೆನ್ನಿಗೆ ದಪ್ಪ ಸೂಜಿ ಚುಚ್ಚಿ, ತಿಳಿ ಚಹಾದ ಬಣ್ಣದ ನೀರನ್ನು ಸೀಸೆಗೆ ಇಳಿಸಿದರು. ಅಪ್ಪ ನನ್ನ ಕೈ ಹಿಡಿದಿದ್ದ. ಜೀವನವಿಡೀ ಬಿಲ್ಲು ಹಿಡಿದ ಆ ಕೈಯಲ್ಲಿ ಹಿಡಿತವೇ ಇರಲಿಲ್ಲ. ಕಫವನ್ನು ಎರಡು ಸಲ ಟೆಸ್ಟ್ ಮಾಡಿ, ಕ್ಷಯದ ಗುರುತಿಲ್ಲ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ಅಕ್ಕಾರ, ಇವ್ರನ್ನ ಮತ್ತ ಆ ಹತ್ತಿ ಧೂಳಿನ್ಯಾಗ ಮಲಗಿಸಿದ್ರ ನಾ ಏನೂ ಹೇಳಾಕ ಆಗಂಗಿಲ್ಲ ನೋಡ್ರಿ. ಎರಡು ತಿಂಗಳ ಸಮುದ್ರದ ಹವಾ ಬೇಕು. ಕಾರವಾರದ ಕಡೆ ನಿಮ್ಮ ಹುಬ್ಬಳ್ಳಿ ಮಂದೀದ ಒಂದು ಮನಿ ಐತೆಲ್ಲ, ಅಲ್ಲಿಗೆ ಒಯ್ರಿ."

ಅಂಥದೊಂದು ಮನೆ ಇದೆಯೆಂದು ಮೂರು ವರ್ಷದಿಂದ ಮಕ್ಕಳಿಗೆ ಊರಿನ ಚರಿತ್ರೆ ಹೇಳುವ ನನಗೆ ಗೊತ್ತಿರಲಿಲ್ಲ. ಈಗ ನಾಚಿಕೆಯಾಗುತ್ತದೆ.

ರಜೆ ಹಾಕಿದೆ. ಮೋಟಾರಿನಲ್ಲಿ ಅರಬೈಲು ಘಟ್ಟ ಇಳಿಯುವಾಗ ಅಪ್ಪ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ.

ಉದ್ದನೆಯ ಹೆಂಚಿನ ಮನೆ. ಕಡಲಿನ ಕಡೆಗೆ ತೆರೆದ ಪಡಸಾಲೆ, ಸಾಗುವಾನಿ ಕಂಬಗಳು, ಕಂಬದಿಂದ ಕಂಬಕ್ಕೆ ಒಂದೊಂದು ಕಾಟ್. ಹನ್ನೆರಡು ರೋಗಿಗಳು. ಅಲ್ಲಿನ ಮೀನುಗಾರರೂ ಅದನ್ನು 'ಹುಬ್ಬಳ್ಳಿ ಮನೆ' ಎಂದೇ ಕರೆಯುತ್ತಿದ್ದರು. ನೋಡಿಕೊಳ್ಳುವವರು ಮುದಿ ಕಂಪೌಂಡರ್ ನಾಯಕರು. ಪಕ್ಕದ ಕಾಟ್‌ನಲ್ಲಿ ಧಾರವಾಡದ ಬಳೆಗಾರ್ತಿ ಸಾವಂತ್ರೆವ್ವ. ಟೈಫಾಯ್ಡ್ ಬಿಟ್ಟಿದ್ದರೂ ಅವಳಿಗೆ ನಿಲ್ಲುವ ಶಕ್ತಿ ಆಗಷ್ಟೇ ಬರುತ್ತಿತ್ತು.

ನಾಲ್ಕನೆಯ ದಿನ ಅಪ್ಪ ಕಂಬವೊಂದಕ್ಕೆ ಕೈಯಿಟ್ಟು ನಿಂತ.

"ನಾ ಇಲ್ಲಿಗೆ ಬಂದೇನಿ," ಎಂದ.

ಜ್ವರದ ಮಾತು ಎಂದುಕೊಂಡೆ. ಅಲ್ಲ. ಪ್ಲೇಗಿನಿಂದ ಬದುಕಿ ಉಳಿದವರನ್ನು ಸ್ವಂತ ಮನೆಯವರೇ ಹತ್ತಿರ ಸೇರಿಸದಿದ್ದ ಕಾಲದಲ್ಲಿ ಹುಬ್ಬಳ್ಳಿ ಪೇಟೆಯವರು ಸೇರಿ ಈ ಮನೆ ಕಟ್ಟಿದ್ದರು. ಜಾಗ ಒಬ್ಬ ಸಾವಕಾರರದು. ಉಳಿದದ್ದೆಲ್ಲ ಮಂದಿಯ ಮೈ ಬೆವರು. ಗೌಂಡಿಗಳು ಗೋಡೆ ಕಟ್ಟಿದರು, ಬಡಿಗೇರರು ಕಂಬ ಕೆತ್ತಿದರು, ಹೊಸದಾಗಿ ಮದುವೆಯಾಗಿದ್ದ ಅಪ್ಪ ನನ್ನ ಅಜ್ಜನ ಜೊತೆ ಬಂದು ಇದೇ ಪಡಸಾಲೆಯಲ್ಲಿ ಗಾದಿಗಳಿಗೆ ಹತ್ತಿ ಪಿಂಜಿದ.

"ಗಾಳಿಗೆ ಹತ್ತಿ ಎಲ್ಲಾ ಹಾರಿ ಹೋಗಾಕತ್ತಿತ್ತು. ಆಗ ಮೀನುಗಾರರು ತಮ್ಮ ಹಡಗದ ಹಾಯಿ ತಂದು ಅಡ್ಡ ಕಟ್ಟಿದ್ರು. ಮೂರು ವಾರ ಕೂತು ಪಿಂಜೇವಿ. ಆ ಬಾಗಿಲ ಮ್ಯಾಲಿನ ಕಲ್ಲು ಕೆತ್ತಿದಾಂವ ನಮಗ ಓದಿ ಹೇಳಿದ್ದ."

ಅಪ್ಪನಿಗೆ ಅಕ್ಷರ ಬರುವುದಿಲ್ಲ. ಆದರೂ ಕಣ್ಣು ಮುಚ್ಚಿ ಕಲ್ಲಿನ ಮೇಲಿದ್ದುದನ್ನು ಹೇಳಿದ. ನಾನು ಹೋಗಿ ಓದಿದೆ. ಒಂದಕ್ಷರ ತಪ್ಪಿರಲಿಲ್ಲ. 'ಇಲ್ಲಿಗೆ ಬಂದ ರೋಗಿಯ ಜಾತಿ ಕೇಳಬಾರದು. ಗುಣವಾಗುವ ಮೊದಲು ಹೊರಗೆ ಕಳಿಸಬಾರದು.'

ಮೂರನೆಯ ವಾರಕ್ಕೆ ಸಂಜೆಯ ಜ್ವರ ಇಳಿಯತೊಡಗಿತು. ನಾಯಕರ ಚಾರ್ಟ್‌ನಲ್ಲಿ ಗೆರೆ ಕೆಳಮುಖವಾಯಿತು. ಅಪ್ಪ ಗಂಜಿ ಬೇಡ, ರೊಟ್ಟಿ ಬೇಕೆಂದು ತಕರಾರು ತೆಗೆದ. ಅದು ನನಗೆ ಹಬ್ಬ.

ಆಗ ಮೋಟಾರು ಬಂತು. ಜಾಗ ಕೊಟ್ಟ ಸಾವಕಾರರ ಮೊಮ್ಮಗ, ಜೊತೆಗೆ ನಕ್ಷೆಯ ಸುರುಳಿ ಹಿಡಿದ ಇಂಜಿನಿಯರು. ಕಾಟ್‌ಗಳ ನಡುವೆ ಬೂಟುಗಾಲಲ್ಲೇ ಓಡಾಡಿದರು. ಮಲಗಿದವರ ಮುಖ ನೋಡಲಿಲ್ಲ, ಮಾಡಿನ ಹೆಂಚು ನೋಡಿದರು. ಕಟ್ಟಡ ಹಳೆಯದಾಗಿದೆ, ಒಡೆದು ಸಮುದ್ರ ಸ್ನಾನಕ್ಕೆ ಬರುವ ದೊಡ್ಡ ಮನುಷ್ಯರಿಗೆ ಬಂಗಲೆ ಕಟ್ಟುತ್ತೇವೆ, ಎಂಟು ದಿನದಲ್ಲಿ ಖಾಲಿ ಮಾಡಿಸಿ ಎಂದು ನಾಯಕರಿಗೆ ಹೇಳಿದರು.

ನಾನು ಎದುರು ನಿಂತೆ. "ಸಾವಕಾರ್ರ, ನಮ್ಮಪ್ಪಗ ಇನ್ನೂ ಜ್ವರ ಐತ್ರಿ. ಆ ಕಲ್ಲ ಮ್ಯಾಲೆ ಏನ ಬರದಾರ, ಒಮ್ಮೆ ಓದ್ರಿ."

"ಕಲ್ಲು ನಮ್ಮಜ್ಜಂದು, ಮನೀನೂ ನಮ್ಮಜ್ಜಂದು. ನಿಮ್ಮಪ್ಪಗ ಹವಾ ಬೇಕಂದ್ರ ಧಾರವಾಡದಾಗೂ ಹವಾ ಐತಿ, ಕರಕೊಂಡು ಹೋಗವಾ."

ಮರುದಿನ ಗಾರೆಯವನು ಬಂದು ಆ ಕಲ್ಲಿಗೆ ಸುಣ್ಣದ ಗಾರೆ ಮೆತ್ತಿದ.

ನಮ್ಮ ಕಣ್ಣೆದುರಿಗೇ.

ನಾನು ಸಿಟ್ಟಿನವಳಲ್ಲ. ಆದರೆ ಹನ್ನೆರಡು ಜನ ಉಸಿರಾಡಲು ಒದ್ದಾಡುತ್ತಿರುವ ಜಾಗದಲ್ಲಿ ನಿಂತು ಒಬ್ಬ ಮನುಷ್ಯ ಬರೀ ಹೆಂಚುಗಳನ್ನು ನೋಡಬಲ್ಲನೆಂದರೆ, ಎಷ್ಟೋ ಜನರ ಕೈ ಕಟ್ಟಿದ್ದನ್ನು ಒಬ್ಬ ಅಜ್ಜನ ಹೆಸರಿಗೆ ಬರೆದುಕೊಳ್ಳಬಲ್ಲನೆಂದರೆ, ಅದನ್ನು ಸಹಿಸಿ ಸುಮ್ಮನಿರುವುದು ಯಾವ ಸಭ್ಯತೆ?

ಆ ಮನೆಯ ಆಡಳಿತಕ್ಕೆ ಹುಬ್ಬಳ್ಳಿಯಲ್ಲಿ ಮೂವರು ಪಂಚರಿದ್ದಾರೆಂದು ನಾಯಕರು ಹೇಳಿದರು. ಹೋಗಬೇಕೆಂದರೆ ಅಪ್ಪನನ್ನು ಬಿಟ್ಟು ಹೋಗಬೇಕು. ಹಿಂದೆಮುಂದೆ ನೋಡಿದೆ.

"ಹೋಗಿ ಬಾ ಯವ್ವಾ," ಎಂದಳು ಸಾವಂತ್ರೆವ್ವ. "ನಿಮ್ಮಪ್ಪಗ ಗಂಜಿ ಕುಡಿಸೂದು ನನಗ ಬಿಡು. ಕುಡೀಲಿಲ್ಲಂದ್ರ ಬೈದು ಕುಡಸ್ತೇನಿ."

ಹುಬ್ಬಳ್ಳಿಯಲ್ಲಿ ಇಬ್ಬರು ಪಂಚರು ನನ್ನನ್ನು ಕೂರಿಸಲೂ ಇಲ್ಲ. ಒಬ್ಬರು, "ಹಳೇ ಮನಿ, ಏನೈತಿ ಅದರಾಗ? ಬಿದ್ರ ಬೀಳ್ಲಿ ಬಿಡ್ರಿ," ಎಂದರು. ಮೂರನೆಯವರು ಅರಳೆ ವ್ಯಾಪಾರದ ಮುದುಕರು. ನಾನು ಇಮಾಮಸಾಬನ ಮಗಳು ಎಂದಾಗ ತಲೆಯೆತ್ತಿದರು. ಅವರ ಮನೆಯ ಗಾದಿಗಳನ್ನು ತುಂಬಿದವನು ಅಪ್ಪನೇ. ಎಲ್ಲ ಕೇಳಿದ ಮೇಲೆ ಪೆಟ್ಟಿಗೆ ತೆರೆದು ಹಳೆಯ ದಾನಪತ್ರ ತೆಗೆದರು. ಸಾವಕಾರರು ಜಾಗವನ್ನು ರೋಗಿಗಳಿಗೇ ಶಾಶ್ವತವಾಗಿ ಬರೆದುಕೊಟ್ಟಿದ್ದರು. ಅವರ ವಂಶದವರಿಗೆ ಹಕ್ಕಿಲ್ಲವೆಂದು ಸ್ಪಷ್ಟವಾಗಿ ಇತ್ತು.

"ಇಷ್ಟ ವರ್ಷ ನಾ ಇದನ್ನ ಬಿಚ್ಚಿ ನೋಡಿಲ್ಲವಾ. ತಪ್ಪು ನಮ್ಮದೂ ಐತಿ," ಎಂದರು ಮುದುಕರು. ಮರುದಿನವೇ ನನ್ನ ಜೊತೆ ಮೋಟಾರು ಹತ್ತಿದರು.

ನಾವು ತಲುಪುವಷ್ಟರಲ್ಲಿ ಅರ್ಧ ಪಡಸಾಲೆ ನೆಲಕ್ಕೆ ಬಿದ್ದಿತ್ತು.

ಎಂಟು ದಿನ ಎಂದವರು ಮೂರು ದಿನವೂ ಕಾಯಲಿಲ್ಲ. ಕಂಬಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿದ್ದರು. ರೋಗಿಗಳನ್ನು ಅಡುಗೆಮನೆಗೆ ನೂಕಿದ್ದರು. ಸೌದೆಯ ಹೊಗೆಯಲ್ಲಿ ಅಪ್ಪ ಕೆಮ್ಮಿ ಕೆಮ್ಮಿ ಮುದ್ದೆಯಾಗಿದ್ದ. ಥರ್ಮಾಮೀಟರ್ ಮತ್ತೆ ಮೇಲೇರಿತ್ತು. ಸಾವಂತ್ರೆವ್ವ ತಾನೇ ಗೋಡೆ ಹಿಡಿದು ನಡೆಯುವವಳು, ಹಸಿ ಬಟ್ಟೆಯನ್ನು ಅವನ ಮೂಗಿಗೆ ಅಡ್ಡ ಹಿಡಿದು ಕೂತಿದ್ದಳು.

ಮುದುಕ ಪಂಚರು ಕೆಲಸದವರ ಮುಂದೆ ದಾನಪತ್ರವನ್ನು ಜೋರಾಗಿ ಓದಿದರು. ಕೊನೆಯ ಸಾಲಿನವರೆಗೆ ಓದಿದರು. ಕೆಲಸದವರು ಹಾರೆ ಕೆಳಗಿಟ್ಟರು. ಸಂಜೆ ಆ ಮೊಮ್ಮಗ, ಸಣ್ಣ ಸಾವಕಾರರೂ ಬಂದರು. ಕಾಗದ ನೋಡಿದರು. "ನನಗ ಗೊತ್ತಿದ್ದಿಲ್ಲ," ಎಂದರು.

ತಪ್ಪಾಯಿತು ಎನ್ನಲಿಲ್ಲ. ಕಂಬಗಳು ವಾಪಸ್ ಬರಲಿಲ್ಲ.

ಉಳಿದ ಪಡಸಾಲೆಯಲ್ಲಿ ಆರು ಕಾಟ್ ಹಾಕಿದೆವು. ಮಿಕ್ಕವರು ಒಳಕೋಣೆಯಲ್ಲಿ. ಕಲ್ಲಿನ ಮೇಲಿನ ಗಾರೆಯನ್ನು ನಾಯಕರೇ ಉಳಿಯಿಂದ ಕೆರೆದು ತೆಗೆದರು. ಅಪ್ಪನ ಬೆನ್ನಿಗೆ ಮತ್ತೊಮ್ಮೆ ಸೂಜಿ ಬಿತ್ತು. ಎರಡು ತಿಂಗಳಿಗೆ ಮುಗಿಯಬೇಕಾದದ್ದು ನಾಲ್ಕು ತಿಂಗಳು ಹಿಡಿಯಿತು.

ಊರಿಗೆ ಬಂದು ಆರು ವಾರವಾಯಿತು. ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. ಅರ್ಧವಾದರೂ ಉಳಿಯಿತಲ್ಲ, ಸಮಾಧಾನ ಮಾಡಿಕೋ. ಅಲ್ಲಾಹನಿಗೆ ನಾನು ದಿನವೂ ಶುಕ್ರ್ ಹೇಳುತ್ತೇನೆ, ನಾಯಕರಿಗೂ ಸಾವಂತ್ರೆವ್ವನಿಗೂ ಕೃತಜ್ಞತೆ ಹೇಳುತ್ತೇನೆ. ಆದರೆ ಕೆಡವಿದವರಿಗೆ, ಪೂರ್ತಿ ಕೆಡವಲಿಲ್ಲವೆಂದು ಶುಕ್ರ್ ಹೇಳಲಾರೆ. ಬದುಕಿ ಉಳಿದವರನ್ನು ಊರೇ ದೂರವಿಟ್ಟಾಗ ಬಡವರು ಕೂಡಿ ಕಟ್ಟಿದ ಮನೆ ಅದು. ನಮ್ಮಲ್ಲಿ ಅರಮನೆಗಳ ಕಥೆ ಪುಸ್ತಕದಲ್ಲಿದೆ, ಇದರದು ಇಲ್ಲ. ಈಗ ನನ್ನ ತರಗತಿಯ ಹುಡುಗಿಯರಿಗೆ ನಾನೇ ಹೇಳುತ್ತೇನೆ. ಶಾಲೆಯ ಮುಖ್ಯಸ್ಥೆ ಹೆಡ್ ಬಾಯಿಯವರು ಪಾಠದಲ್ಲಿ ಇಲ್ಲದ್ದು ಬೇಡ ಎಂದಿದ್ದಾರೆ. ಆದರೂ ಹೇಳುತ್ತೇನೆ.

ಅಪ್ಪ ಇನ್ನು ಪಿಂಜುವಂತಿಲ್ಲ. ಪಡಸಾಲೆಯಲ್ಲಿ ಕೂತು ಹಳೇ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಾನೆ, ಮಧ್ಯೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾನೆ. ಹೋದ ವಾರ ನಾಯಕರಿಗೆ ನನ್ನ ಕೈಯಲ್ಲಿ ಕಾಗದ ಬರೆಸಿದ. ತನ್ನ ಕಾಟ್‌ನಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದ್ದ.

ನಿನ್ನೆ ಉತ್ತರ ಬಂತು. ಗದಗದ ಕಡೆಯ ಒಬ್ಬ ಬಾಣಂತಿಯಂತೆ. ಬಂದಾಗ ಅವಳನ್ನು ಎತ್ತಿಕೊಂಡು ಬಂದಿದ್ದರಂತೆ. ನಾಲ್ಕು ದಿನದಿಂದ ಜ್ವರವಿಲ್ಲ, ಮೊನ್ನೆ ತಾನೇ ಎದ್ದು ನೀರಿನ ಅಂಚಿನವರೆಗೆ ನಡೆದುಹೋದಳಂತೆ.

ಅಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ.

"ಇನ್ನೊಮ್ಮೆ ಓದವಾ," ಎಂದ.