ಸುಣ್ಣದ ಕರಿಯಮ್ಮ

ಕರಿಯಮ್ಮ ಗೋಡೆಯ ರುಚಿ ನೋಡುತ್ತಿದ್ದಳು. ತಮಾಷೆಗೆ ಹೇಳುತ್ತಿಲ್ಲ. ತೋರುಬೆರಳನ್ನು ಗೋಡೆಗೆ ಒತ್ತಿ ಉಜ್ಜಿ, ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದಳು. ಆ ಉಗುಳು ಗೋಡೆಗೋ, ಅದನ್ನು ಕಟ್ಟಿದ ಮೇಸ್ತ್ರಿಗೋ, ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ ನಮ್ಮಂಥವರಿಗೋ ಎಂದು ಹೇಳುವುದು ಕಷ್ಟವಿತ್ತು. ಮೂವರಿಗೂ ಸೇರಿಸಿಯೇ ಇರಬೇಕು.

ಅವಳದು ಹುಳಿಯಾರಿನ ಆಚೆಗಿನ ಒಂದು ಹಟ್ಟಿ. ಅವಳ ಮನೆಯವರು ಕುರಿ ಕಾಯುತ್ತಿದ್ದರು. ಅವಳಿಗೆ ಕುರಿಯೂ ಆಗದು, ಮನೆಯವರೂ ಆಗರು. ವಯಸ್ಸಿನಲ್ಲಿ ತಿಪಟೂರಿನ ಕಡೆ ಕೊಬ್ಬರಿ ಚಿಪ್ಪು ಒಡೆಯುವ ಕೆಲಸಕ್ಕೆ ಬಂದವಳು, ಆಮೇಲೆ ಯಾವಾಗಲೋ ಸುಣ್ಣ ಹೊಡೆಯುವ ಕೆಲಸ ಹಿಡಿದು ಅದರಲ್ಲೇ ಅರವತ್ತು ದಾಟಿದ್ದಳು. ಎಡಗಣ್ಣಿನ ಹುಬ್ಬು ಬೆಳ್ಳಗಾಗಿತ್ತು, ಬಲಗಣ್ಣಿನದು ಕಪ್ಪಗೇ ಇತ್ತು. ಒಮ್ಮೆ ಕುದಿಯುವ ಸುಣ್ಣ ಸಿಡಿದದ್ದಂತೆ. ಇದರಿಂದಾಗಿ ಅವಳು ಯಾವಾಗ ನೋಡಿದರೂ ಒಂದು ಹುಬ್ಬು ಮೇಲೆತ್ತಿ, "ಇದೇನಾ ನಿನ್ನ ಯೋಗ್ತೆ?" ಎಂದು ಕೇಳುತ್ತಿರುವ ಹಾಗೆ ಕಾಣುತ್ತಿತ್ತು. ಬಹಳ ಸಲ ನಿಜಕ್ಕೂ ಅದನ್ನೇ ಕೇಳುತ್ತಿದ್ದಳು.

ಅವಳನ್ನು ನಾನು ಮೊದಲು ನೋಡಿದ್ದು ತಿಪಟೂರಿನ ಬೀದಿ ಚಿತ್ರೋತ್ಸವದಲ್ಲಿ. ನನ್ನ ಪರಿಚಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಮತ್ತು ಲಗ್ನಪತ್ರಿಕೆಯ ಅಂಗಡಿ. ಹಿಂದೆ ಚಿತ್ರಕಲೆಯಲ್ಲಿ ಡಿಪ್ಲೊಮಾ ಮಾಡಿದ್ದೆ. ಹದಿನೈದು ವರ್ಷದಿಂದ ಜನ್ಮದಿನದ ಮುಖಂಡರ ಕೆನ್ನೆಯನ್ನು ಕಂಪ್ಯೂಟರಿನಲ್ಲಿ ಕೆಂಪಗೆ ಮಾಡುತ್ತಿದ್ದರೂ ಒಳಗೊಳಗೇ ನಾನೊಬ್ಬ ಕಲಾವಿದ ಎಂದುಕೊಂಡಿದ್ದೆ. ಹೀಗಾಗಿ ಊರಿನ ಒಂದು ಸಮಿತಿಯವರು ಹಳೇ ಕೊಬ್ಬರಿ ಗೋದಾಮಿನ ಬೀದಿಯ ಗೋಡೆಗಳನ್ನೆಲ್ಲ ಎರಡು ದಿನದಲ್ಲಿ ಚಿತ್ರಗಳಿಂದ ತುಂಬಿಸುತ್ತೇವೆ ಎಂದು ಹೊರಟಾಗ, ಮೊದಲು ಹೆಸರು ಕೊಟ್ಟವನು ನಾನೇ.

ಸಮಿತಿಯ ಅಧ್ಯಕ್ಷರು ಬಟ್ಟೆ ಅಂಗಡಿಯವರು. ಅವರಿಗೆ ಚಿತ್ರಕಲೆಯ ಬಗ್ಗೆ ಇದ್ದ ಜ್ಞಾನ ಸೀರೆಯ ಅಂಚಿಗೇ ಮುಗಿಯುತ್ತಿತ್ತು. ನಮಗೆಲ್ಲ ಟೀ ಶರ್ಟು, ಟೋಪಿ ಕೊಟ್ಟರು. ಟೀ ಶರ್ಟಿನ ಮೇಲೆ ನಮ್ಮ ಹೆಸರಿಗಿಂತ ಅವರ ಅಂಗಡಿಯ ಹೆಸರು ದೊಡ್ಡದಾಗಿತ್ತು. ವಿಷಯ, 'ನಮ್ಮ ತೆಂಗು, ನಮ್ಮ ಹೆಮ್ಮೆ'. ಇಪ್ಪತ್ತು ಜನ ಕಲಾವಿದರಲ್ಲಿ ಏಳು ಜನ ನವಿಲು ಬರೆದರು. ತೆಂಗಿನ ಮರದ ಮೇಲೆ ನವಿಲು, ತೆಂಗಿನ ಮರದ ಕೆಳಗೆ ನವಿಲು. ಒಬ್ಬನಂತೂ ಎಳನೀರು ಕುಡಿಯುವ ನವಿಲನ್ನೇ ಬರೆದ, ಸ್ಟ್ರಾ ಸಮೇತ.

ಗೋಡೆ ಕೆರೆದು, ತೊಳೆದು, ಬಿಳಿ ಹೊಡೆದು ನಮಗೆ ಒಪ್ಪಿಸಲು ಕರಿಯಮ್ಮನನ್ನೂ ಅವಳ ಜೊತೆಗಾರ್ತಿ ಜಯಮ್ಮನನ್ನೂ ಕರೆಸಿದ್ದರು. ಕತ್ತಾಳೆ ನಾರಿನ ಕುಂಚವನ್ನು ಬಕೆಟ್ಟಿನಲ್ಲಿ ಅದ್ದಿಟ್ಟುಕೊಂಡು ಕರಿಯಮ್ಮ ಬೀದಿಯ ಉದ್ದಕ್ಕೂ ನಡೆದು ನಮ್ಮ ಕೆಲಸ ನೋಡಿದಳು. "ಇಷ್ಟೊಂದು ನವಿಲು ಬಂದ್ರೆ ಹೊಲ ಉಳೀತೈತೇನ್ಲಾ?" ಎಂದು ಒಬ್ಬನಿಗೆ. ಅರೆಮುಚ್ಚಿದ ಕಣ್ಣಿನ ದೇವತೆಯನ್ನು ಬರೆಯುತ್ತಿದ್ದ ಇನ್ನೊಬ್ಬನಿಗೆ, "ಅವ್ವಂಗೆ ನಿದ್ದೆ ಬಂದೈತೆ, ಮಲಗಿಸು." ಬೆಂಗಳೂರಿನಿಂದ ಬಂದಿದ್ದ ಹುಡುಗಿ ಬರೀ ತ್ರಿಕೋನ ಚೌಕಗಳನ್ನು ಹಾಕಿದ್ದಳು. ಕರಿಯಮ್ಮ ಅದರ ಮುಂದೆ ಬಹಳ ಹೊತ್ತು ನಿಂತು, "ಇದು ವಾಸಿ. ಏನೂ ಅಲ್ಲ ಅಂತ ಒಪ್ಕೊಂಡೈತೆ" ಅಂದಳು.

ನನಗೆ ಸಿಕ್ಕಿದ್ದು ಬೀದಿಯ ಬಾಯಲ್ಲಿದ್ದ ಮೊದಲನೇ ಗೋಡೆ. ಸಿಕ್ಕಿದ್ದಲ್ಲ, ಅಧ್ಯಕ್ಷರ ಹಿಂದೆ ನಾಲ್ಕು ದಿನ ಅಲೆದು ಗಿಟ್ಟಿಸಿಕೊಂಡದ್ದು. ಅತಿಥಿಗಳು ಕಾರಿನಿಂದ ಇಳಿಯುವುದೇ ಅಲ್ಲಿ. ಕರಿಯಮ್ಮ ಬಂದು ಬೆರಳು ಒತ್ತಿದಳು, ರುಚಿ ನೋಡಿದಳು, ಉಗಿದಳು.

"ಈ ಗೋಡೆ ಬ್ಯಾಡ ಕಣಪ್ಪ. ತಳದಿಂದ ಉಪ್ಪು ಕುಡಿದೈತೆ. ಗಾರೆ ಕಿತ್ತು, ವಾರ ತೊಳೆದು, ಒಣಗಿಸಿ ಆಮ್ಯಾಕೆ ಹೊಡೀಬೇಕು. ಇಲ್ದಿದ್ರೆ ನಿನ್ನ ಬಣ್ಣ ಒಂದು ಮಳೆಗೆ ಉದುರ್ತೈತೆ."

"ಅಕ್ಕ, ಇರೋದೇ ಎರಡು ದಿನ."

"ಹಂಗಾರೆ ಆ ಕೊನೇ ಗೋಡೆ ತಕೋ. ಕಲ್ಲಿನಂಗೈತೆ."

ಕೊನೆಯ ಗೋಡೆ ಟ್ರಾನ್ಸ್‌ಫಾರ್ಮರಿನ ಹಿಂದೆ ಇತ್ತು. ಅಲ್ಲಿಗೆ ಹೋಗುತ್ತಿದ್ದವರು ಮೂತ್ರ ಮಾಡುವವರು ಮಾತ್ರ. ನಾನು ನಕ್ಕೆ. ಅವಳ ಬಿಳಿ ಹುಬ್ಬು ಇನ್ನಷ್ಟು ಮೇಲೇರಿತು.

"ನಿಂಗೆ ಗೋಡೆ ಬ್ಯಾಡ ಬುಡು ಪೈಂಟ್ರಪ್ಪ. ಕ್ಯಾಮ್ರಾ ಬೇಕು."

ಅಂದು ಬಿಳಿ ಹೊಡೆದು ಹೋದಳು. ಅವತ್ತಿನಿಂದ ನಾನು ಅವಳ ಬಾಯಲ್ಲಿ ಪೈಂಟ್ರಪ್ಪನೇ ಆದೆ.

ನಾನು ಬರೆದದ್ದು ಕೊಬ್ಬರಿ ಚಿಪ್ಪು ಬಿಡಿಸುವ ಹೆಂಗಸನ್ನು. ಹತ್ತಡಿ ಎತ್ತರ. ಕೈತುಂಬ ಹಸಿರು ಬಳೆ, ಮುಡಿತುಂಬ ಹೂವು, ಅಗಲವಾದ ನಗು, ಮಡಿಲಲ್ಲಿ ಹಾಲಿನಂಥ ಬಿಳಿ ಕೊಬ್ಬರಿ. ಎರಡನೆಯ ದಿನ ಮಧ್ಯಾಹ್ನ ಊಟದ ಪೊಟ್ಟಣ ಹಿಡಿದುಕೊಂಡು ಕರಿಯಮ್ಮ ಎದುರಿನ ಜಗಲಿಯ ಮೇಲೆ ಕೂತಳು. ಚಿತ್ರಾನ್ನ ತಿನ್ನುತ್ತ ನನ್ನ ಚಿತ್ರವನ್ನು ನೋಡಿದಳು. ಯಾವುದು ಹೆಚ್ಚು ಸಪ್ಪೆ ಎಂದು ತೂಗುತ್ತಿರುವ ಹಾಗಿತ್ತು.

"ನೀನು ಯಾವೂರಪ್ಪ?"

"ಇದೇ ಊರು, ತಿಪಟೂರು."

"ತಿಪಟೂರಲ್ಲಿ ಹುಟ್ಟಿ ಉಂಡೆ ಕೊಬ್ಬರಿ ನೋಡಿಲ್ವ? ಅಟ್ಟದ ಮೇಲೆ ವರ್ಷ ಒಣಗಿದ್ದು ಮೇಲ್ಗಡೆ ಬೆಳ್ಳಗಿರ್ತೈತಾ? ಕಂದು ಬಣ್ಣ ಅಲ್ವಾ? ಬಳೆ ಬ್ಯಾರೆ ಇಕ್ಕಿದೀಯ. ಮಚ್ಚು ಹಿಡಿಯೋಳು ಇಷ್ಟು ಬಳೆ ಇಕ್ಕಂಡ್ರೆ ಸಾಯಂಕಾಲಕ್ಕೆ ಬರೀ ಚೂರು."

ಸುತ್ತ ಕಾಲೇಜಿನ ಹುಡುಗಿಯರು ನಿಂತು ಕೇಳಿಸಿಕೊಳ್ಳುತ್ತಿದ್ದರು. "ಅಕ್ಕ, ಇದು ನಿಮಗೆ ಅರ್ಥ ಆಗಲ್ಲ. ಇದು ಕಲೆ" ಅಂದೆ.

"ಹೌದು, ಕಲೆನೇ" ಅಂದಳು ಕರಿಯಮ್ಮ ಕೈ ತೊಳೆಯುತ್ತ. "ಬಟ್ಟೆ ಮ್ಯಾಲಾಗಿದ್ರೆ ತಿಕ್ಕಿ ತೊಳೀಬೋದಾಗಿತ್ತು."

ಸಂಜೆ ಸಮಾರಂಭ. ನನಗೆ ಮೊದಲನೇ ಬಹುಮಾನ ಬಂತು. ಅತಿಥಿಗಳು ಕಾರಿನಿಂದ ಇಳಿದವರು ನನ್ನ ಗೋಡೆಯಿಂದ ಮುಂದಕ್ಕೆ ಹೋಗಲೇ ಇಲ್ಲ. ನೋಡಿದ ಒಂದೇ ಗೋಡೆಗೆ ಬಹುಮಾನ ಕೊಟ್ಟರು, ಅಷ್ಟೇ. ಪತ್ರಿಕೆಯವರು ಫೋಟೋ ತೆಗೆಯುವಾಗ ಅಧ್ಯಕ್ಷರಿಗೆ ಒಂದು ಹೊಳಹು ಬಂತು. ಗುಂಪಿನ ಅಂಚಿನಲ್ಲಿ ಬಕೆಟ್ ತೊಳೆಯುತ್ತಿದ್ದ ಕರಿಯಮ್ಮನನ್ನು ಎಳೆದು ತಂದು ಚಿತ್ರದ ಪಕ್ಕ ನಿಲ್ಲಿಸಿ, ಅವಳ ಕೈಗೊಂದು ತೆಂಗಿನಕಾಯಿ ಕೊಟ್ಟರು. "ಇವರನ್ನೇ ನೋಡಿ ನಮ್ಮ ಕಲಾವಿದರು ಈ ಚಿತ್ರ ಬರೆದಿದ್ದಾರೆ" ಎಂದು ಮೈಕಿನಲ್ಲಿ ಹೇಳಿದರು. ವರದಿಗಾರ ನನ್ನ ಕಡೆ ತಿರುಗಿ, "ಹೌದಾ ಸಾರ್?" ಎಂದು ಕೇಳಿದ.

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು, "ಹೌದು, ಇವರೇ ನನಗೆ ಸ್ಫೂರ್ತಿ" ಅಂದೆ. ಈಗಲೂ ಆ ವಾಕ್ಯ ನೆನಪಾದರೆ ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತದೆ.

ಅಧ್ಯಕ್ಷರು ಕರಿಯಮ್ಮನ ಹೆಗಲಿಗೊಂದು ಶಾಲು ಹೊದಿಸಿದರು. ಅವಳು ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಮೈಕು ಹತ್ತಿರದಲ್ಲೇ ಇತ್ತು, ಬೀದಿಗೆಲ್ಲ ಕೇಳಿಸಿತು.

"ಇದು ನಾನಲ್ಲ ಕಣ್ರೀ. ನಾನು ಯಾವತ್ತೂ ಹಿಂಗೆ ಹಲ್ಲು ಬುಟ್ಕಂಡು ಚಿಪ್ಪು ಒಡೆದಿಲ್ಲ. ಈ ಪೈಂಟ್ರಪ್ಪ ನನ್ನ ಮಖ ಸರಿಯಾಗಿ ನೋಡಿದ್ದೇ ಇವತ್ತು ಮಧ್ಯಾಹ್ನ, ಅದೂ ಬೈಸ್ಕೊಂಡಾಗ." ಶಾಲು ತೆಗೆದು ಮಡಿಸಿ ನನ್ನ ಕೈಗಿಟ್ಟಳು. "ತಕೋ, ನಿನ್ನ ಗೋಡೆಗೆ ಹೊದಿಸು. ಅದಕ್ಕೆ ಶೀತ ಆಗೈತೆ."

ಜನ ಚಪ್ಪಾಳೆ ತಟ್ಟಿದರು. ಅವಳು ತಮಾಷೆ ಮಾಡಿದಳು ಅಂದುಕೊಂಡರು. ಮಾರನೆಯ ದಿನದ ಪತ್ರಿಕೆಯಲ್ಲಿ 'ಶ್ರಮಜೀವಿಯೇ ಸ್ಫೂರ್ತಿ' ಎಂಬ ತಲೆಬರಹವೇ ಬಂತು.

ಮೊದಲ ಮಳೆ ಬಿದ್ದು ವಾರದೊಳಗೆ ನನ್ನ ಹೆಂಗಸಿನ ಕೆನ್ನೆ ಊದಿಕೊಂಡಿತು. ಆಮೇಲೆ ಮೂಗು ಉದುರಿತು. ಮಡಿಲಿನ ಕೊಬ್ಬರಿ ಪದರ ಪದರವಾಗಿ ಸುಲಿದು ಚರಂಡಿಗೆ ಬಿತ್ತು. ಅಧ್ಯಕ್ಷರು ಫೋನು ಮಾಡಿ, "ಫೋಟೋ ಇದೆಯಲ್ಲ, ಅದನ್ನೇ ಫ್ಲೆಕ್ಸ್ ಮಾಡಿಸಿ ಮೇಲೆ ಹೊಡೆದುಬಿಡಿ. ಯಾರಿಗೆ ಗೊತ್ತಾಗುತ್ತೆ?" ಅಂದರು. ನಾನು ಮಾಡಿದೆ. ನನ್ನ ಅಂಗಡಿಯಲ್ಲೇ, ನನ್ನ ಚಿತ್ರಕ್ಕೆ ನಾನೇ ಫ್ಲೆಕ್ಸ್ ಹೊಡೆದು, ಹೋಗಿ ಮೊಳೆ ಬಡಿದು ಬಂದೆ. ಅಧ್ಯಕ್ಷರು ಹೇಳಿದ್ದು ಸರಿಯಾಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಇಡೀ ಉತ್ಸವದ ಬೆಲೆ ಏನು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಕಾರ್ತಿಕದಲ್ಲಿ ಅಧ್ಯಕ್ಷರೇ ಅಂಗಡಿಗೆ ಬಂದರು. ಮುಂದಿನ ವರ್ಷದ ಉತ್ಸವಕ್ಕೆ ನಾನೇ ತೀರ್ಪುಗಾರನಾಗಬೇಕಂತೆ. ಅವರು ಹೋದ ಮೇಲೆ ಶಟರು ಎಳೆದು ಹುಳಿಯಾರಿನ ಬಸ್ಸು ಹತ್ತಿದೆ.

ಹಟ್ಟಿಯ ಮುಂದೆ ಕರಿಯಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಕೂರು ಎನ್ನಲಿಲ್ಲ. "ಉದುರ್ತಾ?" ಎಂದು ಕೇಳಿದಳು.

"ಉದುರ್ತು ಅಕ್ಕ. ಮೇಲೆ ಫ್ಲೆಕ್ಸ್ ಹೊಡೆದಿದ್ದೀನಿ. ಆ ಗೋಡೆ ಸರಿ ಮಾಡ್ಬೇಕು, ಬರ್ತೀರಾ?"

ಅವಳು ಬೈಯಲಿಲ್ಲ. ಬೈಯುವುದಕ್ಕೂ ಒಂದು ಯೋಗ್ಯತೆ ಬೇಕು ಎನ್ನುವ ಹಾಗೆ ನನ್ನನ್ನು ನೋಡಿದಳು. ಹುಣಸೆಬೀಜಗಳನ್ನು ಪಕ್ಕಕ್ಕೆ ತಳ್ಳಿ, "ಬತ್ತೀನಿ. ಆದ್ರೆ ನಾನು ಹೇಳೋಗಂಟ ಬ್ರಷ್ಷು ಮುಟ್ಟಂಗಿಲ್ಲ. ಗಾರೆ ಕೀಳೋನು ನೀನೇ" ಅಂದಳು.

ಹದಿನಾರು ದಿನ ಹಿಡಿಯಿತು. ಮೊಳೆ ಕಿತ್ತು ಫ್ಲೆಕ್ಸ್ ಬಿಚ್ಚಿದೆ. ಗಾರೆ ಕೆತ್ತಿದೆ, ನೀರು ಹೊತ್ತೆ, ಗೋಡೆ ತೊಳೆದೆ, ಒಣಗಲು ಕಾದೆ, ಮತ್ತೆ ತೊಳೆದೆ, ಹೊಸ ಗಾರೆ ಮೆತ್ತಿದೆ. ಅಂಗಡಿಯ ಗಿರಾಕಿಗಳು ಅಲ್ಲಿಗೇ ಬಂದು ನಗುತ್ತಿದ್ದರು. ಅವಳು ಬಕೆಟ್ಟಿನ ಮೇಲೆ ಕೂತು ನನ್ನ ಕೆಲಸಕ್ಕೆ ಹೆಸರಿಡುತ್ತಿದ್ದಳು. "ಗೋಡೆ ಸವರ್ಬ್ಯಾಡ, ಅದೇನು ನಿನ್ನ ಎಂಡ್ರಾ?" "ಡಿಪ್ಲೊಮಾದಲ್ಲಿ ಇದು ಹೇಳ್ಕೊಡ್ನಿಲ್ವ?" ಒಂದು ದಿನ ಮಾತ್ರ, ತನಗೆ ತಾನೇ ಅನ್ನುವ ಹಾಗೆ, "ಬಣ್ಣ ಹೊಡ್ಸೋನು ಮನೆ ತೋರಿಸ್ತಾನೆ ಕಣಪ್ಪ, ಸುಣ್ಣ ಹೊಡ್ಸೋನು ಮನೇಲಿ ಬದುಕ್ತಾನೆ" ಅಂದಳು. ಕೊನೆಗೆ ಅವಳೇ ಮೂರು ಕೈ ಸುಣ್ಣ ಹೊಡೆದಳು. ಮೇಲಿನಿಂದ ಕೆಳಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ. ಅವಳ ಕೈ ಓಡುವುದನ್ನು ನೋಡಿದ ಮೇಲೆ ನನಗೆ ಆ ಗೋಡೆಯ ಮೇಲೆ ಏನನ್ನೂ ಬರೆಯಲು ಮನಸ್ಸಾಗಲಿಲ್ಲ.

"ಈಗೇನು ಬರೀತೀಯ?"

"ನೀವೇ ಹೇಳಿ ಅಕ್ಕ."

"ನಾನ್ಯಾಕೆ ಹೇಳ್ಲಿ? ಗೊತ್ತಿಲ್ದಿದ್ರೆ ಬುಡು, ಬೆಳ್ಳಗೆ ಇರ್ಲಿ."

ಕಿಬ್ಬನಹಳ್ಳಿಯ ಹತ್ತಿರದ ಒಂದು ಕೊಬ್ಬರಿ ಕಣಕ್ಕೆ ಹೋಗಿ ನಾಲ್ಕು ದಿನ ಸುಮ್ಮನೆ ಕೂತು ನೋಡಿದೆ. ಬಂದು ಬರೀ ಎರಡು ಕೈ ಬರೆದೆ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಹಿಂಬದಿ ತಿರುಗಿಸಿ ಹಿಡಿದ ಮಚ್ಚು. ಅರ್ಧ ಸರಿದ ಚಿಪ್ಪಿನೊಳಗೆ ಕಂದು ಬಣ್ಣದ ಕೊಬ್ಬರಿ. ಮುಖ ಇಲ್ಲ, ಬಳೆ ಇಲ್ಲ. ಸಮಿತಿಯನ್ನು ಕೇಳಲಿಲ್ಲ. ಅಧ್ಯಕ್ಷರು ನೋಡಿ, "ಇದರಲ್ಲಿ ಹೆಮ್ಮೆ ಎಲ್ಲಿದೆ?" ಎಂದು ಕೇಳಿದರು. ತೀರ್ಪುಗಾರಿಕೆಯೂ ತಪ್ಪಿತು.

ಕೆಲಸ ಇನ್ನೇನು ಮುಗಿಯಿತು ಅನ್ನುವಾಗ ಒಂದು ಶುಕ್ರವಾರ ಕರಿಯಮ್ಮ ಬಂದಳು. ತುರುವೇಕೆರೆಯಲ್ಲಿ ಒಂದು ಮನೆಗೆ ಸುಣ್ಣ ಹೊಡೆಯಲು ಹೊರಟಿದ್ದಳು. ಗೋಡೆಯ ಮುಂದೆ ನಿಂತು, ತನ್ನ ಎಡಗೈಯನ್ನು ನನ್ನ ಮೂಗಿನ ಹತ್ತಿರಕ್ಕೆ ತಂದಳು. ಹೆಬ್ಬೆರಳಿನ ಉಗುರು ಎರಡಾಗಿ ಸೀಳಿ, ಮಧ್ಯೆ ಗಂಟು ಕಟ್ಟಿ, ಒಂದು ಕಡೆಗೆ ವಾಲಿತ್ತು.

"ಚಿಪ್ಪು ಒಡೆಯೋಳ ಹೆಬ್ಬೆಟ್ಟು ಹಿಂಗಿರ್ತೈತೆ. ನೀನು ಬರೆದಿರೋದು ಪ್ಯಾಟೆ ಹುಡುಗೀದು. ಸೋಮವಾರ ಈ ಕಡೆಗೇ ಬತ್ತೀನಿ, ನೋಡ್ತೀನಿ."

ಶನಿವಾರ, ಭಾನುವಾರ ಎರಡು ದಿನ ಆ ಒಂದು ಉಗುರನ್ನೇ ಬರೆದೆ. ಸೋಮವಾರ ಬೆಳಿಗ್ಗೆ ಅಂಗಡಿಗೆ ಮದುವೆಯವರು ಬಂದು ಕೂತರು. ಗೋಡೆಯ ಹತ್ತಿರ ಹೋಗುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಸಂಜೆಯವರೆಗೂ ಕಾದೆ. ಅವಳು ಬರಲಿಲ್ಲ. ಮಾತಿಗೆ ತಪ್ಪಿದಳು ಎಂದು ಮೊದಲ ಸಲ ಅವಳ ಮೇಲೆ ಸಿಟ್ಟು ಬಂತು.

ಇಪ್ಪತ್ತು ದಿನದ ಮೇಲೆ ಜಯಮ್ಮ ಬೀದಿಯಲ್ಲಿ ಸಿಕ್ಕಳು. ಕರಿಯಮ್ಮ ತೀರಿಕೊಂಡಿದ್ದಳು. ಊರಿಗೆ ಹೋದ ವಾರದಲ್ಲೇ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತಂತೆ. ಆಸ್ಪತ್ರೆಗೆ ಬಾ ಎಂದರೆ ಆ ಗೋಡೆಗಳ್ನ ನೋಡಕ್ಕಾಗಲ್ಲ ಅಂದಳಂತೆ. ಮೂರನೆಯ ದಿನ ಹೋಗಿಬಿಟ್ಟಳು.

"ಸೋಮವಾರ ಬತ್ತೀನಿ ಅಂದಿದ್ರು, ಬರಲೇ ಇಲ್ಲ" ಅಂದೆ.

"ಬಂದಿದ್ವಲ್ಲ ಅಣ್ಣ!" ಅಂದಳು ಜಯಮ್ಮ. "ತುರುವೇಕೆರೆಯಿಂದ ಮೊದಲ್ನೇ ಬಸ್ಸಿಗೇ ಬಂದ್ವಿ. ನೀವಿನ್ನೂ ಬಂದಿರ್ಲಿಲ್ಲ. ಅಲ್ಲೇ ನಿಂತ್ಕಂಡು ಆ ಹೆಬ್ಬೆಟ್ಟನ್ನೇ ನೋಡ್ತಾ ಇದ್ಲು. ಹುಳಿಯಾರು ಬಸ್ಸು ಹೊಂಟೋಗ್ತೈತೆ ಬಾರೇ ಅಂತ ನಾನೇ ಕೈಹಿಡಿದು ಎಳ್ಕೊಂಡು ಹೋದೆ."

"ಏನಂದ್ರು?"

"ಏನೂ ಅನ್ಲಿಲ್ಲ."

"ಬೈಲಿಲ್ವಾ?"

"ಇಲ್ಲ ಕಣಣ್ಣ. ಸುಮ್ಕೆ ಇದ್ಲು."

ಆ ಮಾತನ್ನು ಜಯಮ್ಮನ ಬಾಯಿಂದ ಇನ್ನೊಂದು ಸಲ ಹೇಳಿಸಿ ಕೇಳಿಕೊಂಡೆ.